ಕೀಬೋರ್ಡಿನಲ್ಲಿ ಪಿಟೀಲಿನ ನಾದ ಹೊಮ್ಮಿಸುವ ಬಗೆ

ಸಿಂಥಸೈಸರಿನಲ್ಲಿ ಪಿಟೀಲಿನ ದನಿಯನ್ನು ಆರಿಸಿಕೊಂಡು ಪಿಯಾನೋದಂತೆ ನುಡಿಸಿದರೆ ಅದು ಪಿಟೀಲೆನಿಸುವುದಿಲ್ಲ. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ, ಪಿಟೀಲಿನ ಸ್ವರವನ್ನಾದರೋ ಕಮಾನು ಕೊನೆಯವರೆಗೂ ರೂಪಿಸುತ್ತಲೇ ಇರುತ್ತದೆ. ಆದುದರಿಂದ ಎಕ್ಸ್‌ಪ್ರೆಶನ್ ಪೆಡಲನ್ನೇ, ಅಂದರೆ ಸ್ವರದ ಗಟ್ಟಿತನವನ್ನು ಕಾಲಿನಿಂದ ಏರಿಳಿಸುವ ಪೆಡಲನ್ನೇ (ವಿದ್ಯುನ್ಮಾನ ವಾದ್ಯಗಳ ಸಂಕೇತಭಾಷೆಯಾದ ಮಿಡಿಯಲ್ಲಿ ಅದು 11ನೆಯ ಕಂಟ್ರೋಲರ್), ಕಮಾನೆಂದು ಭಾವಿಸಿ, ಪ್ರತಿಯೊಂದು ದೀರ್ಘಸ್ವರವನ್ನೂ ಮೆಲ್ಲನೆ ಉಬ್ಬಿಸಿ ತಗ್ಗಿಸುವುದನ್ನು ಮೊದಲು ಅಭ್ಯಾಸ ಮಾಡಬೇಕು. ಬೆರಳೆತ್ತಿದ ಮೇಲೂ ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲನ್ನು ಮುಟ್ಟದಿರುವುದೇ ಲೇಸು.

ವಾದ್ಯವನ್ನು ಮೊನೊ ಲೆಗಾಟೊ ಸ್ಥಿತಿಯಲ್ಲಿರಿಸಿ (ಒಮ್ಮೆಗೆ ಒಂದೇ ಸ್ವರ ನುಡಿದು, ಮುಂದಿನದಕ್ಕೆ ತಡೆಯಿಲ್ಲದೆ ಸಾಗುವ ಸ್ಥಿತಿ), ಒಂದು ಕೀಯನ್ನು ಬಿಡುವ ಮುನ್ನವೇ ಮುಂದಿನದನ್ನು ಒತ್ತಿದರೆ ಸ್ವರಗಳು ಒಂದೇ ಕಮಾನಿನಲ್ಲಿ ಬೆಸೆದುಕೊಳ್ಳುತ್ತವೆ. ಕಮಾನು ತಿರುಗಬೇಕಾದಲ್ಲಿ ಬೆರಳನ್ನು ಪೂರ್ತಿಯಾಗಿ ಎತ್ತಬೇಕು. ವೈಬ್ರೇಟೊ, ಅಂದರೆ ಸ್ವರದ ನವಿರಾದ ಕಂಪನ, ನೀಡುವ ಮಾಡ್ಯುಲೇಶನ್ ಚಕ್ರವನ್ನು ಸ್ವರ ನೆಲೆಗೊಂಡ ಬಳಿಕವಷ್ಟೇ ತಿರುಗಿಸಬೇಕು.

ನಮ್ಮ ಕರ್ನಾಟಕ ಸಂಗೀತಕ್ಕೆ ನಿಜವಾಗಿ ಬೇಕಾದುದು ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಪಿಚ್ ಬೆಂಡ್ ಚಕ್ರ. ಅದರ ವ್ಯಾಪ್ತಿಯನ್ನು ಮೇಲಕ್ಕೂ ಕೆಳಕ್ಕೂ 2 ಅರ್ಧಸ್ವರಗಳಿಗೆ (ಅಕ್ಕಪಕ್ಕದ ಎರಡು ಕೀಗಳ ಅಂತರವೇ ಒಂದು ಅರ್ಧಸ್ವರ) ಹೊಂದಿಸಿದರೆ, ತೋಡಿ ರಾಗದ ಸಾಧಾರಣ ಗಾಂಧಾರದ ಕೀಯೊಂದನ್ನೇ ಒತ್ತಿ ಹಿಡಿದು ಶುದ್ಧ ರಿಷಭದಿಂದ ಶುದ್ಧ ಮಧ್ಯಮದವರೆಗೆ ತೂಗಬಹುದು, ಏಕೆಂದರೆ ಆ ಎರಡೂ ಸ್ವರಗಳು ಗಾಂಧಾರದಿಂದ ಸರಿಯಾಗಿ ಅಷ್ಟೇ ದೂರದಲ್ಲಿವೆ. ಆದರೆ ಗಡಿಯಾರದ ಲೋಲಕದಂತೆ ಒಂದೇ ವೇಗದಲ್ಲಿ ತೂಗಿದರೆ ಅದು ಗಮಕವಾಗದು, ಅಂದರೆ ರಾಗಕ್ಕೆ ಜೀವ ತುಂಬುವ ಸ್ವರದ ಓಲಾಟವಾಗದು. ತುದಿಯಲ್ಲಿ ಕೊಂಚ ನಿಂತು, ಬಳಿಕ ಸರ್ರನೆ ಇಳಿಯಬೇಕು. ಪಾಶ್ಚಾತ್ಯ ಶ್ರುತಿಯ ಪಿಟೀಲು ಮಧ್ಯದ ಸಿ ಸ್ವರದ ಕೆಳಗಿನ ಜಿಯಲ್ಲೇ ನಿಲ್ಲುವುದರಿಂದ, ಕೀಬೋರ್ಡಿನಲ್ಲಿಯೂ ಅದರ ಕೆಳಗೆ ಇಳಿಯಬಾರದು.