ಸಿ ಫಂಕ್ಷನ್ನಿಂದ ಪಾಯಿಂಟರ್ ಮೂಲಕ ಪಠ್ಯ ಪಡೆಯುವುದು: ಒಂದು ನೆಲ್ಲಿನ ಚೀಟಿಯ ಲೆಕ್ಕ

ಗಂಗಾವತಿಯ ರೈಸ್ ಮಿಲ್ಲಿಗೆ ಚೀಟಿ ಪ್ರಿಂಟ್ ಮಾಡುವ ಸಿ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಚೀಟಿಯ ಸಾಲು ಇದು: “ಗಂಗಾವತಿ ಸೋನಾ ಮಸೂರಿ, 120 ಚೀಲ”. ಸಾಲು ಜೋಡಿಸುವ ಫಂಕ್ಷನ್ನಿನೊಳಗೆ 64 ಬೈಟಿನ ಅರೇ ಇಟ್ಟು, ಕೊನೆಗೆ ಅದನ್ನೇ ರಿಟರ್ನ್ ಮಾಡಬೇಡಿ. ಆ ಅರೇ ಇರುವುದು ಸ್ಟ್ಯಾಕಿನಲ್ಲಿ, ಅಂದರೆ ಫಂಕ್ಷನ್ ಓಡುವಷ್ಟು ಹೊತ್ತು ಮಾತ್ರ ಸಿಗುವ ಮೆಮೊರಿಯಲ್ಲಿ. ಫಂಕ್ಷನ್ ಮುಗಿದ ಕೂಡಲೇ ಆ ಜಾಗ ನಿಮ್ಮದಲ್ಲ, ಮುಂದೆ ಕರೆದ ಫಂಕ್ಷನ್ ಅಲ್ಲೇ ಬಂದು ಕೂರುತ್ತದೆ. ಒಮ್ಮೊಮ್ಮೆ ಸರಿಯಾದ ಸಾಲೇ ಬಂದುಬಿಡುತ್ತದೆ. ಅಪಾಯ ಇರುವುದೇ ಅಲ್ಲಿ: ಲ್ಯಾಬಿನಲ್ಲಿ ಸರಿ ಬಂದದ್ದು ಮಿಲ್ಲಿನ ಕಂಪ್ಯೂಟರಿನಲ್ಲಿ ಕಸ ಉಗುಳುತ್ತದೆ.

ಅರೇಗೆ ಸ್ಟ್ಯಾಟಿಕ್ ಎಂದು ಹಾಕಿದರೆ ಜಾಗವೇನೋ ಉಳಿಯುತ್ತದೆ, ಆದರೆ ಇರುವುದು ಒಂದೇ ಜಾಗ. ಒಂದೇ ಪ್ರಿಂಟ್‌ಎಫ್‌ನಲ್ಲಿ ಎರಡು ಸಲ ಕರೆದರೆ ಎರಡೂ ಕಡೆ ಒಂದೇ ಸಾಲು ಬರುತ್ತದೆ.

ಫಂಕ್ಷನ್ನನ್ನು ಕರೆಯುವವರೇ ಜಾಗ ಕೊಡುವುದು ಉತ್ತಮ. ಬಫರಿನ, ಅಂದರೆ ಸಾಲು ಬರೆಯುವ ಜಾಗದ, ಪಾಯಿಂಟರ್ (ವಿಳಾಸ) ಜೊತೆಗೆ ಅದರ ಅಳತೆಯನ್ನೂ ಕಳಿಸಿ. ಅಳತೆಯನ್ನು ಫಂಕ್ಷನ್ನಿನ ಒಳಗೆ ಸೈಜ್‌ಆಫ್‌ನಿಂದ ತೆಗೆಯಲು ಹೋದರೆ ಸಿಗುವುದು ಪಾಯಿಂಟರಿನ ಅಳತೆ, ಈಗಿನ 64 ಬಿಟ್ ಕಂಪ್ಯೂಟರುಗಳಲ್ಲಿ 8. ಒಳಗೆ ಎಸ್‌ಎನ್‌ಪ್ರಿಂಟ್‌ಎಫ್ (ಅಳತೆ ಮೀರದಂತೆ ಬಫರಿಗೆ ಸಾಲು ಬರೆಯುವ ಫಂಕ್ಷನ್) ಬಳಸಿ, ಅದು ಕೊಡುವ ಸಂಖ್ಯೆಯನ್ನು ತಪ್ಪದೆ ನೋಡಿ.

ಕನ್ನಡ ಬರೆಯುವವರಿಗಂತೂ ಇದು ಬಹಳ ಮುಖ್ಯ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಕ್ರಮ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. “ಗಂಗಾವತಿ” ಕಣ್ಣಿಗೆ ನಾಲ್ಕೇ ಅಕ್ಷರ. ಸೊನ್ನೆ, ಇಳಿ, ಗುಡಿಸು ಬೇರೆ ಬೇರೆ ಎಣಿಸಿದರೆ ಚಿಹ್ನೆ 7, ಬೈಟ್ 21. ಮೇಲಿನ ಪೂರ್ತಿ ಸಾಲು 65 ಬೈಟ್, ಸಾಲು ಮುಗಿಯಿತೆಂದು ಸಿ ಕೊನೆಗೆ ಇಡುವ ಸೊನ್ನೆ ಬೈಟ್ ಸೇರಿ 66. ಧಾರಾಳ ಅನ್ನಿಸಿದ 64ರ ಬಫರಿನಲ್ಲಿ 63 ಬೈಟ್ ಬರೆದು ನಿಲ್ಲುತ್ತದೆ. “ಚೀಲ”ದ ಲಕಾರಕ್ಕೆ ಮೂರರಲ್ಲಿ ಒಂದೇ ಬೈಟ್ ಉಳಿದು, ಸಾಲಿನ ತುದಿಯಲ್ಲಿ ಅಕ್ಷರದ ಬದಲು ಏನೋ ಗುರುತು ಬೀಳುತ್ತದೆ. ಆದರೂ ಎಸ್‌ಎನ್‌ಪ್ರಿಂಟ್‌ಎಫ್ ಕೊಡುವ ಸಂಖ್ಯೆ 65, ಅಂದರೆ ನಿಜವಾಗಿ ಬೇಕಿದ್ದ ಉದ್ದ. ಆ ಸಂಖ್ಯೆ ಬಫರಿನ ಅಳತೆಗೆ ಸಮವಾದರೂ ಮೀರಿದರೂ ಸಾಲು ತುಂಡಾಗಿದೆ ಎಂದರ್ಥ. ಸೊನ್ನೆಗಿಂತ ಕಡಿಮೆಯಾದರೆ ಬರೆಯುವುದೇ ವಿಫಲವಾಗಿದೆ. ಎರಡರಲ್ಲೂ ಚೀಟಿ ಪ್ರಿಂಟ್ ಮಾಡಬೇಡಿ.

ಉದ್ದ ಮೊದಲೇ ಗೊತ್ತಿಲ್ಲವೆ? ಎಸ್‌ಎನ್‌ಪ್ರಿಂಟ್‌ಎಫ್‌ಗೆ ನಲ್ ಪಾಯಿಂಟರ್ (ಯಾವ ಜಾಗವನ್ನೂ ತೋರಿಸದ್ದು) ಮತ್ತು ಅಳತೆ 0 ಕೊಟ್ಟು ಉದ್ದ ಕೇಳಿ, ಅದಕ್ಕೆ 1 ಕೂಡಿಸಿ ಮ್ಯಾಲಕ್ ಮಾಡಿ, ಅಂದರೆ ಅಷ್ಟು ಮೆಮೊರಿ ಕೇಳಿ ಪಡೆಯಿರಿ. ಮ್ಯಾಲಕ್ ನಲ್ ಕೊಟ್ಟಿತೇ ನೋಡಿಕೊಂಡೇ ಮುಂದೆ ಹೋಗಿ. ಆ ಜಾಗವನ್ನು ಫ್ರೀ ಮಾಡುವ, ಅಂದರೆ ಹಿಂದಿರುಗಿಸುವ, ಹೊಣೆ ಯಾರದ್ದು ಎಂಬುದನ್ನು ಫಂಕ್ಷನ್ನಿನ ಮೇಲೆ ಕಾಮೆಂಟಿನಲ್ಲಿ ಬರೆದಿಡಿ. ಫ್ರೀ ಮಾಡಲು ಮರೆತರೆ ಸುಗ್ಗಿಯ ದಿನಗಳಲ್ಲಿ ಚೀಟಿ ಚೀಟಿಗೂ ಮೆಮೊರಿ ಸೋರುತ್ತದೆ. ಎರಡು ಸಲ ಫ್ರೀ ಮಾಡಿದರೆ ಪ್ರೋಗ್ರಾಂ ಕುಸಿಯಬಹುದು.

ಚೀಲದ ಎಣಿಕೆ ಮತ್ತು ತೂಕ ಇಷ್ಟೇ ಬೇಕಿದ್ದರೆ ಪಾಯಿಂಟರೇ ಬೇಡ, ಎರಡನ್ನೂ ಒಟ್ಟಿಗೆ ಇಡುವ ಸ್ಟ್ರಕ್ಟನ್ನು ನೇರವಾಗಿ ರಿಟರ್ನ್ ಮಾಡಿ.

ಜಿಸಿಸಿ ಕಂಪೈಲರಿನಲ್ಲಿ ಕಂಪೈಲ್ ಮಾಡುವಾಗ ಎಚ್ಚರಿಕೆ ತೋರಿಸುವ ಡಬ್ಲ್ಯೂ-ಆಲ್ (-Wall) ಜೊತೆ ಕೋಡನ್ನು ಚುರುಕಾಗಿಸುವ ಓ2 (-O2) ಕೂಡ ಹಾಕಿ. ಲೋಕಲ್ ಅರೇಯ ವಿಳಾಸವನ್ನು ಬೇರೊಂದು ಪಾಯಿಂಟರಿಗೆ ಹಾಕಿ ರಿಟರ್ನ್ ಮಾಡಿದ್ದರೆ, ಓ2 ಇಲ್ಲದೆ ಎಚ್ಚರಿಕೆ ಬಾರದೆ ಹೋಗಬಹುದು. ಆಮೇಲೆ ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ (-fsanitize=address) ಹಾಕಿ ಮತ್ತೊಮ್ಮೆ ಓಡಿಸಿ. ಫ್ರೀ ಆದ ಮೇಲೆ ಮುಟ್ಟಿದ ಜಾಗವನ್ನು ಅದು ಸಾಲಿನ ಸಂಖ್ಯೆ ಸಮೇತ ತೋರಿಸಲು ಜಿ (-g) ಆಯ್ಕೆಯೂ ಇರಬೇಕು.