ರೂಫ್ ರ‍್ಯಾಕ್ ಹಗುರ ಮಾಡಿದೆ, ಕ್ರಾಲರ್ ಬಂಡೆ ಹತ್ತಿತು

ರಿಮೋಟ್‌ನಲ್ಲಿ ಓಡಿಸಿ ಬಂಡೆ ಹತ್ತಿಸುವ ನನ್ನ ಪುಟ್ಟ ಗಾಡಿಗೆ, ಅಂದರೆ 1/10 ಅಳತೆಯ ಆರ್‌ಸಿ ಕ್ರಾಲರ್‌ಗೆ ಕೈಯಾರೆ ರೂಫ್ ರ‍್ಯಾಕ್ ಮಾಡಿದ್ದೆ. ಹಿತ್ತಾಳೆ ಕಡ್ಡಿಗೆ ಬೆಸುಗೆ, ಮೇಲೆ ಸ್ಟೆಪ್ನಿ, ಎರಡು ಡೀಸೆಲ್ ಕ್ಯಾನು. ನೋಡೋಕೆ ಅಸಲಿ ಜೀಪೇ! ಆದರೆ ಬಂಡೆ ಏರಿಸಿದರೆ ಹಿಂದಕ್ಕೆ ಮಗುಚುತ್ತಿತ್ತು. ಸುಮ್ನೆ ಟೈರನ್ನು ಬೈದೆ.

ಕೊನೆಗೆ ಅಡುಗೆಮನೆಯ ತಕ್ಕಡಿಯಲ್ಲಿ ರ‍್ಯಾಕ್ ತೂಗಿದೆ: 210 ಗ್ರಾಂ. ತಲೆ ಮೇಲೆ ಅಷ್ಟು ಭಾರ ಕೂತರೆ ಗಾಡಿ ನಿಲ್ಲುತ್ತಾ?

ಹಿತ್ತಾಳೆ ಬಿಚ್ಚಿ, ಊದುಬತ್ತಿಯ ಬಿದಿರು ಕಡ್ಡಿಗಳಿಂದ ಮತ್ತೆ ಕಟ್ಟಿದೆ. ಕೂಡುವ ಕಡೆ ದಾರ ಸುತ್ತಿ ಸೂಪರ್ ಗ್ಲೂ ಹನಿಸಿದೆ. ದಾರ ಇಲ್ಲದಿದ್ದರೆ ಮೊದಲ ಪಲ್ಟಿಗೇ ಬಿಟ್ಟುಕೊಳ್ಳುತ್ತದೆ. ಕ್ಯಾನುಗಳನ್ನು ಥರ್ಮಾಕೋಲಿನಲ್ಲಿ ಕೆತ್ತಿದೆ. ಅಸಲಿ 20 ಲೀಟರ್ ಕ್ಯಾನಿನ ಎತ್ತರ ಸುಮಾರು 47 ಸೆಂ.ಮೀ., ಹಾಗಾಗಿ ನನ್ನದು 4.7. ಸ್ಪ್ರೇ ಪೇಂಟ್ ನೇರವಾಗಿ ಹೊಡೆದರೆ ಥರ್ಮಾಕೋಲ್ ಕರಗುತ್ತದೆ (ಒಂದು ಕ್ಯಾನು ಹಾಗೇ ಹೋಯಿತು). ಮೊದಲು ಫೆವಿಕಾಲ್ ಬಳಿದು ಒಣಗಿಸಿ, ಆಮೇಲೆ ಬ್ರಷ್‌ನಿಂದ ಅಕ್ರಿಲಿಕ್ ಬಣ್ಣ ಹಚ್ಚಿದೆ.

ಈಗ ರ‍್ಯಾಕ್ 38 ಗ್ರಾಂ. ಬ್ಯಾಟರಿಯನ್ನು ಮುಂದಿನ ಆಕ್ಸಲ್ ಕಡೆಗೆ, ಆದಷ್ಟು ಕೆಳಗೆ ತಂದೆ. ಉಳಿದ ಹಿತ್ತಾಳೆ ತುಂಡುಗಳು ಮುಂದಿನ ರಿಮ್‌ಗಳ ಒಳಗೆ ಸೇರಿದವು. ಅದೇ ಬಂಡೆ, ಅದೇ ಟೈರು, ಆರಾಮಾಗಿ ಹತ್ತುತ್ತದೆ. ಪಾಪ, ಟೈರಿನದೇನೂ ತಪ್ಪಿರಲಿಲ್ಲ.

ಇನ್ನು ಟಾರ್ಪಾಲು ಬಾಕಿ. ಹಳೇ ಕೊಡೆ ಬಟ್ಟೆ ಹುಡುಕುತ್ತಿದ್ದೇನೆ.