ಚಾರಣದ ಬುತ್ತಿಗೆ ನಾನು ಕಟ್ಟಿಕೊಳ್ಳುವ ಖಾರ

ಧಾರವಾಡದಲ್ಲಿ ಬೆಳೆದ ನನಗೆ ತಟ್ಟೆಯ ಅಂಚಿನಲ್ಲಿ ಒಂದಿಷ್ಟು ಖಾರ ಇಲ್ಲದಿದ್ದರೆ ಊಟವಾದಂತೆ ಅನ್ನಿಸುವುದಿಲ್ಲ. ಮನೆಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ, ಜಾಡಿಯ ತುಂಬ ರಂಜಕ ಎಲ್ಲವೂ ಇರುತ್ತಿದ್ದವು. ತೊಂದರೆ ಎದುರಾದದ್ದು ಚಾರಣ ಶುರುಮಾಡಿದ ಮೇಲೆ. ಎರಡನೆಯ ದಿನದ ಸಂಜೆ ಕಾಲು ಸೋತು ಕುಳಿತಾಗ ಹಸಿವಿದ್ದರೂ ಬರಿಯ ಅನ್ನ, ಬೇಳೆ ಗಂಟಲಲ್ಲಿ ಇಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಯಾವ ಖಾರ ಕೈಹಿಡಿಯುತ್ತದೆ, ಯಾವುದು ಮನೆಯಲ್ಲೇ ಇರಬೇಕು ಎಂಬುದನ್ನು ಹಲವು ವರ್ಷ ತಪ್ಪು ಮಾಡುತ್ತಲೇ ಕಲಿತಿದ್ದೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರಂಜಕ. ಚಳಿಗಾಲದಲ್ಲಿ ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ಸಂತೆಗೆ ಬಂದಾಗ ಒಂದು ಕಿಲೋ ತಂದು, ತೊಟ್ಟು ಸಮೇತ ತೊಳೆದು, ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ರಾತ್ರಿಯಿಡೀ ನೆರಳಿನಲ್ಲಿ ಹರವುತ್ತೇನೆ. ತೊಟ್ಟು ಮೊದಲೇ ಮುರಿದರೆ ಕಾಯಿಯ ಒಳಗೆ ನೀರು ಹೋಗುತ್ತದೆ, ಆಮೇಲೆ ಬೂಸು ಬರುವುದು ಖಚಿತ. ಮರುದಿನ ತೊಟ್ಟು ತೆಗೆದು, 150 ಗ್ರಾಂ ಉಪ್ಪು, ಒಂದು ಹಿಡಿ ಬೆಳ್ಳುಳ್ಳಿ, ಹುರಿದು ಪುಡಿಮಾಡಿದ ಮೆಂತ್ಯ ಮತ್ತು ಹತ್ತು ನಿಂಬೆಹಣ್ಣಿನ ರಸ ಸೇರಿಸಿ, ಹನಿ ನೀರೂ ಹಾಕದೆ ರುಬ್ಬಿ ಜಾಡಿಗೆ ತುಂಬುತ್ತೇನೆ. ಎರಡು ಮೂರು ದಿನಗಳಲ್ಲಿ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ, ಹಸಿ ಮೆಣಸಿನ ಘಾಟು ಕುಗ್ಗಿ ಹುಳಿವಾಸನೆ ಬರುತ್ತದೆ. ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಿ, ವಾರದ ನಂತರ ಇಂಗಿನ ಒಗ್ಗರಣೆಯನ್ನು ಪೂರ್ತಿ ಆರಿಸಿ ಮೇಲೆ ಸುರಿಯುತ್ತೇನೆ. ಅಮೆರಿಕದ ಲೂಸಿಯಾನಾದಲ್ಲಿ 1868ರಿಂದ ತಯಾರಾಗುತ್ತಿರುವ ಟಬಾಸ್ಕೊ ಸಾಸ್‌ನ ಮೂಲವೂ ಇಷ್ಟೇ: ಹಣ್ಣುಮೆಣಸು, ಉಪ್ಪು ಮತ್ತು ಕಾಲ. ಅವರು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿ ವಿನೆಗರ್ ಬೆರೆಸುತ್ತಾರೆ, ನಾವು ನಿಂಬೆರಸ ಹಾಕಿ ಎಣ್ಣೆ ಮುಚ್ಚುತ್ತೇವೆ.

ಇದೇ ರಂಜಕವನ್ನು ಒಮ್ಮೆ ಕುದುರೆಮುಖಕ್ಕೆ ಒಯ್ದು ಕೆಟ್ಟೆ. ರುಬ್ಬಿ ನಾಲ್ಕೇ ದಿನವಾಗಿತ್ತು, ಹುಳಿಯುವುದು ಇನ್ನೂ ನಿಂತಿರಲಿಲ್ಲ. ಪ್ಲಾಸ್ಟಿಕ್ ಸೀಸೆಗೆ ಬಾಯಿತನಕ ತುಂಬಿ ಬಿಗಿಯಾಗಿ ಮುಚ್ಚಿದ್ದೆ. ಬಿಸಿಲಲ್ಲಿ ನಡೆಯುತ್ತಿದ್ದಾಗ ಒಳಗಿನ ಗಾಳಿ ಒತ್ತಿ ಮುಚ್ಚಳ ಸಡಿಲವಾಯಿತು. ಸಂಜೆ ತಂಗುವ ಮನೆಗೆ ಬಂದು ಚೀಲ ಬಿಚ್ಚಿದರೆ ಬದಲಿ ಅಂಗಿ, ಟವೆಲು, ಕಾಲುಚೀಲ ಎಲ್ಲವೂ ಕೆಂಪು ರಸದಲ್ಲಿ ನೆನೆದಿದ್ದವು. ಆ ಟವೆಲಿನಿಂದ ಮುಖ ಒರೆಸಿಕೊಂಡ ಗೆಳೆಯ ಅರ್ಧ ಗಂಟೆ ಕಣ್ಣು ತೆರೆಯಲಾಗದೆ ಒದ್ದಾಡಿದ್ದನ್ನು ಇಂದಿಗೂ ಮರೆತಿಲ್ಲ. ಅಂದಿನಿಂದ ರಂಜಕ ಮನೆಯ ಖಾರ. ಬಿಸಿ ರೊಟ್ಟಿ, ಬೆಣ್ಣೆಯ ಜೊತೆಗೆ ಅದಕ್ಕೆ ಸಮನಾದದ್ದಿಲ್ಲ.

ಬುತ್ತಿಗೆ ಒಗ್ಗುವುದು ಒಣ ಖಾರ, ಅದರಲ್ಲೂ ಶೇಂಗಾ ಚಟ್ನಿಪುಡಿ. ನಾಲ್ಕು ಜನರ ಮೂರು ದಿನದ ಚಾರಣಕ್ಕೆ 250 ಗ್ರಾಂ ಶೇಂಗಾ ಸಾಕು. ಸಣ್ಣ ಉರಿಯಲ್ಲಿ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಹುರಿದು, ಆರಿದ ಮೇಲೆ ತಿಕ್ಕಿ ಕೇರುತ್ತೇನೆ. ಮೆಣಸಿನಕಾಯಿ ಸುಮಾರು 25 ಗ್ರಾಂ. ಅದರಲ್ಲಿ ಎರಡು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಅದರ ಬಣ್ಣಕ್ಕೂ ಪರಿಮಳಕ್ಕೂ ಸಂದ ಗೌರವ ಎಂದೇ ನಾನು ತಿಳಿದಿದ್ದೇನೆ. ಆದರೆ ಅದರ ಖಾರ ಸೌಮ್ಯವಾದದ್ದು. ಬರಿಯ ಬ್ಯಾಡಗಿ ಹಾಕಿದರೆ ಪುಡಿ ಕಣ್ಣಿಗೆ ಕೆಂಪಾಗಿ ಕಂಡರೂ ನಾಲಿಗೆಗೆ ಸಪ್ಪೆಯೆನಿಸುತ್ತದೆ. ಬರಿಯ ಗುಂಟೂರು ಹಾಕಿದರೆ ಖಾರವಷ್ಟೇ ಉಳಿದು ಸ್ವಾದ ಕಾಣೆಯಾಗುತ್ತದೆ.

ಮನೆಗೆ ಮಾಡುವಾಗ ಹಸಿ ಬೆಳ್ಳುಳ್ಳಿ, ಹುಣಸೆಹಣ್ಣು, ಚೂರು ಬೆಲ್ಲ ಹಾಕಿ ಕುಟ್ಟುತ್ತೇವೆ, ರುಚಿಗೆ ಅದೇ ಸರಿ. ಆದರೆ ಮಳೆಗಾಲದ ಒಂದು ಚಾರಣದಲ್ಲಿ ಅಂಥ ಪುಡಿ ಎರಡೇ ದಿನಕ್ಕೆ ಮುದ್ದೆಗಟ್ಟಿ, ಮೂರನೆಯ ದಿನ ಮುಗ್ಗಲು ವಾಸನೆ ಬಂದು ಎಸೆಯಬೇಕಾಯಿತು. ಈಗ ಬುತ್ತಿಯ ಪುಡಿಗೆ ಬೆಲ್ಲ ಹಾಕುವುದೇ ಇಲ್ಲ. ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಮುರಿದರೆ ಟಕ್ಕೆನ್ನುವಷ್ಟು ಹುರಿಯುತ್ತೇನೆ; ಕರಿಬೇವನ್ನೂ ಹಾಗೆಯೇ. ಹುಣಸೆಯ ಎಳೆಗಳನ್ನು ಬಿಡಿಸಿ, ಒಲೆ ಆರಿಸಿದ ಮೇಲೆ ಕಾದ ಬಾಣಲೆಯಲ್ಲೇ ಬಿಡುತ್ತೇನೆ. ಬಾಣಲೆ ತಣ್ಣಗಾಗುವ ಹೊತ್ತಿಗೆ ಅದೂ ಪುಡಿಯಾಗುವಷ್ಟು ಗರಿಯಾಗಿರುತ್ತದೆ. ಜೀರಿಗೆ ಮತ್ತು ಎರಡು ಚಮಚ ಉಪ್ಪು ಸೇರಿಸಿ ಮೊದಲು ಇವೆಲ್ಲವನ್ನೂ ಕುಟ್ಟಿ, ಶೇಂಗಾವನ್ನು ಕೊನೆಗೆ ಹಾಕುತ್ತೇನೆ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಬೇಕು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಕೊಬ್ಬರಿ ಬೇಗ ಕಮಟುವುದರಿಂದ ಹಾಕುವುದಿಲ್ಲ. ಅಗಸೆ ಪುಡಿಯದೂ ಅದೇ ಕಥೆ, ಹೊಸದಾಗಿ ಮಾಡಿ ಬೇಗ ಮುಗಿಸಬೇಕು.

ಪುಡಿ ಎಷ್ಟೇ ಒಣಗಿದ್ದರೂ ಒಂದು ಒದ್ದೆ ಚಮಚ ಸಾಕು ಕೆಡಿಸಲು. ಆದ್ದರಿಂದ ದೊಡ್ಡ ಡಬ್ಬಿ ಒಯ್ಯದೆ, ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ ಅಷ್ಟಷ್ಟೇ ಬಿಚ್ಚುತ್ತೇವೆ. ತಲೆಗೆ ದಿನಕ್ಕೆ 20 ಗ್ರಾಂ ಲೆಕ್ಕ. ಜೊತೆಗೆ 100 ಮಿಲಿಲೀಟರಿನಷ್ಟು ಶೇಂಗಾ ಎಣ್ಣೆ ಇರಲೇಬೇಕು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಪುಡಿಗೆ ಹಸಿ ಎಣ್ಣೆ ಕಲಸಿದಾಗ ಖಾರ ಒಂದೆಡೆ ಚುಚ್ಚದೆ ತುತ್ತಿನ ತುಂಬ ಹರಡುತ್ತದೆ. ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನವಿಲ್ಲ ಎಂಬುದಕ್ಕೂ ಇದೇ ಕಾರಣ. ಬೆಟ್ಟದ ಮೇಲೆ ನೀರು ಅಳೆದು ಕುಡಿಯಬೇಕಾದಾಗ ಇದು ಸಣ್ಣ ವಿಷಯವಲ್ಲ. ಮಜ್ಜಿಗೆ ಸಿಗುವ ಊರಾದರೆ ಅದೇ ಮದ್ದು.

ಹಿಮಾಚಲದ ಪಾರ್ವತಿ ಕಣಿವೆಯಿಂದ ಸಾರ್ ಪಾಸ್‌ಗೆ ಹೋದಾಗ ಈ ಪುಡಿಯ ಬೆಲೆ ಪೂರ್ತಿ ತಿಳಿಯಿತು. ಎತ್ತರ ಏರಿದಂತೆ ಹಸಿವು ಸಾಯುತ್ತದೆ, ಉಣ್ಣದಿದ್ದರೆ ಮರುದಿನ ಹಿಮದಲ್ಲಿ ಹೆಜ್ಜೆ ಏಳುವುದಿಲ್ಲ. ನಾನು ಒಯ್ದಿದ್ದ ಖಡಕ್ ಜೋಳದ ರೊಟ್ಟಿ ಚೀಲದಲ್ಲಿ ಚೂರಾಗಿತ್ತು. ಆ ಚೂರುಗಳನ್ನು ಬಿಸಿ ಬೇಳೆಯಲ್ಲಿ ಅದ್ದಿ, ಮೇಲೆ ಪುಡಿ ಉದುರಿಸಿ, ಎಣ್ಣೆ ಬಿಟ್ಟು ತಿಂದೆವು. ಜೊತೆಗಾರನ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟಿತ್ತು, ಶೇಂಗಾ ಎಣ್ಣೆ ಮಾತ್ರ ಸುರಿಯುವಂತಿತ್ತು. ಎರಡು ದಿನದಿಂದ ಅರ್ಧ ತಟ್ಟೆ ಬಿಡುತ್ತಿದ್ದವನು ಅಂದು ಎರಡನೆಯ ಸಲ ಬಡಿಸಿಕೊಂಡ.

ಮಲೆನಾಡಿನ ಸೂಜಿಮೆಣಸನ್ನೂ ಒಣಗಿಸಿ ಒಂದು ಚಿಟಿಕೆ ಒಯ್ಯುತ್ತೇನೆ, ಗಂಜಿಗೆ ಎರಡೇ ಕಾಯಿ ಜಜ್ಜಿ ಹಾಕಿದರೆ ಸಾಕು. ಖಾರದ ಅಭ್ಯಾಸವಿಲ್ಲದವರು ಗುಂಪಿನಲ್ಲಿದ್ದರೆ ಇದನ್ನು ಪಾತ್ರೆಗೆ ಹಾಕಬಾರದು, ಅವರವರ ತಟ್ಟೆಗೆ ಬಿಡಬೇಕು. ದಾರಿಯಲ್ಲಿ ಹೊಟ್ಟೆ ಕೆಟ್ಟರೆ ಇಡೀ ಗುಂಪು ನಿಲ್ಲಬೇಕಾಗುತ್ತದೆ.

ಮರಳಿ ಬಂದಾಗ ಬಿಚ್ಚಿದ ಪೊಟ್ಟಣದಲ್ಲಿ ಉಳಿದ ಪುಡಿಯನ್ನು ಮನೆಯ ಡಬ್ಬಿಗೆ ಸುರಿಯುವುದಿಲ್ಲ. ಬೆಟ್ಟದ ತೇವ ಅದರಲ್ಲಿ ಎಷ್ಟೋ ಕೂತಿರುತ್ತದೆ. ಮರುದಿನವೇ ಎಳೆ ಮುಳಗಾಯಿ ತಂದು, ಎಣ್ಣೆಗಾಯಿಗೆ ತುಂಬಿ ಮುಗಿಸುತ್ತೇನೆ.